ಕದ ಮುಚ್ಚುವುದೋ, ಹೊರಗೆ ಹೋಗುವುದೋ: ಕ್ಯಾಂಪಸ್ ಕಟ್ಟಡಗಳಲ್ಲಿ ಲಾಕ್‌ಡೌನ್ ಮತ್ತು ತುರ್ತು ಆಶ್ರಯ

ಮೂಲ ಬರಹ: ಕಟ್ಟಡಗಳ ತುರ್ತು ಯೋಜನಾ ವಿಭಾಗದ ನೌಕರ, ಮಿಡ್‌ವೆಸ್ಟ್

ಪ್ರತಿ ಆಗಸ್ಟ್‌ನಲ್ಲಿ ಕರ್ನಾಟಕದಿಂದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಬಂದಿಳಿಯುವ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲಿ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಬಾಡಿಗೆ ಕರಾರು, ಸಿಮ್ ಕಾರ್ಡ್ ಎಂದು ಹತ್ತಾರು ಕೆಲಸಗಳಿರುತ್ತವೆ. ಆ ಗಡಿಬಿಡಿಯಲ್ಲಿ ವಿಶ್ವವಿದ್ಯಾಲಯದ ತುರ್ತು ಸಂದೇಶ ವ್ಯವಸ್ಥೆಗೆ ಹೊಸ ಮೊಬೈಲ್ ಸಂಖ್ಯೆಯನ್ನು ಸೇರಿಸುವುದು ಮರೆತುಹೋಗುತ್ತದೆ. ಸೇರಿಸಿದವರಿಗೂ ಸಂದೇಶ ಬಂದಾಗ ಏನು ಮಾಡಬೇಕೆಂಬುದು ಸ್ಪಷ್ಟವಿರುವುದಿಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ಒಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ನಮ್ಮ ಹುಡುಗರಲ್ಲಿ ಮತ್ತೆ ಮತ್ತೆ ಕಾಣುವ ಒಂದು ಗೊಂದಲವನ್ನು ಇಲ್ಲಿ ಬಿಡಿಸಿ ಬರೆಯಬೇಕೆನಿಸಿತು.

ಗೊಂದಲ ಪದದಲ್ಲೇ ಇದೆ. ಕನ್ನಡಿಗರ ಕಿವಿಗೆ ಲಾಕ್‌ಡೌನ್ ಎಂದರೆ 2020ರ ಮಾರ್ಚ್; ಅಂಗಡಿ ಮುಚ್ಚುವ ಮೊದಲು ಹಾಲು, ಅಕ್ಕಿ ತಂದಿಟ್ಟುಕೊಂಡು ವಾರಗಟ್ಟಲೆ ಮನೆಯೊಳಗಿರುವುದು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಲಾಕ್‌ಡೌನ್ ಸಂದೇಶ ಹೊರಟಾಗ, ಊರಿನಿಂದ ಬಂದು ಎರಡು ವಾರವಷ್ಟೇ ಆಗಿದ್ದ ಹುಡುಗನೊಬ್ಬ ಗ್ರಂಥಾಲಯದಿಂದ ಎದ್ದು ನೇರವಾಗಿ ದಿನಸಿ ಅಂಗಡಿಯ ಕಡೆಗೆ ನಡೆದಿದ್ದ. ಅದು ಸುಳ್ಳು ಕರೆ ಎಂದು ಮುಕ್ಕಾಲು ಗಂಟೆಯಲ್ಲಿ ತಿಳಿಯಿತು. ಅವನಿಗೆ ಬೈಯುವಂತೆಯೂ ಇರಲಿಲ್ಲ, ನಗುವಂತೆಯೂ ಇರಲಿಲ್ಲ.

ಇಲ್ಲಿ ಲಾಕ್‌ಡೌನ್ ಎಂದರೆ ಕಟ್ಟಡದ ಒಳಗೇ ಅಥವಾ ತೀರಾ ಹತ್ತಿರದಲ್ಲಿ ಆಯುಧ ಹಿಡಿದವನಿದ್ದಾನೆ ಎಂದು ತಿಳಿಯಬೇಕು. ಇರುವ ಕೋಣೆಯ ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಬಾಗಿಲ ಗಾಜಿನಿಂದ ಕಾಣದ ಮೂಲೆಗೆ ಸರಿದು, ಸದ್ದಿಲ್ಲದೆ ಕೂರುವುದು ಅದರ ಕ್ರಮ. 2006ರಲ್ಲಿ ಕೊಲರಾಡೋದ ಪ್ಲ್ಯಾಟ್ ಕ್ಯಾನ್ಯನ್ ಪ್ರೌಢಶಾಲೆಯಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿ ಕಟ್ಟಿದ ‘ಐ ಲವ್ ಯು ಗೈಸ್’ ಪ್ರತಿಷ್ಠಾನ ಈ ಆದೇಶಗಳನ್ನೆಲ್ಲ ಐದೇ ಪದಗಳಿಗೆ ಇಳಿಸಿತು: ಹೋಲ್ಡ್, ಸೆಕ್ಯೂರ್, ಲಾಕ್‌ಡೌನ್, ಇವ್ಯಾಕ್ಯುಯೇಟ್, ಶೆಲ್ಟರ್. ಹೋಲ್ಡ್ ಎಂದರೆ ಇರುವ ಕೋಣೆಯಲ್ಲೇ ಇರಿ, ಹಜಾರಕ್ಕೆ ಬರಬೇಡಿ. ಸೆಕ್ಯೂರ್ ಎಂದರೆ ಅಪಾಯ ಹೊರಗಿದೆ, ಹೊರಬಾಗಿಲು ಮುಚ್ಚಿ ಒಳಗಿನ ಪಾಠ ಮುಂದುವರಿಸಿ. ಇವ್ಯಾಕ್ಯುಯೇಟ್ ಎಂದರೆ ತೆರವು. ಇವು ನಾಲ್ಕೂ ತಮ್ಮಷ್ಟಕ್ಕೆ ಅರ್ಥವಾಗುತ್ತವೆ. ಐದನೆಯ ಶೆಲ್ಟರ್ ಎಂಬುದು ಮಾತ್ರ ಒಂಟಿಯಾಗಿ ನಿಂತರೆ ಅಪೂರ್ಣ ಪದ. ಯಾವುದರಿಂದ ಆಶ್ರಯ ಎಂದು ಜೊತೆಗೆ ಹೇಳದಿದ್ದರೆ ಅದು ದಾರಿ ತಪ್ಪಿಸುತ್ತದೆ. ಸುಂಟರಗಾಳಿಯಿಂದ ಆಶ್ರಯವೆಂದರೆ ಕೆಳಗಿನ ಮಹಡಿಗೆ ಇಳಿಯಬೇಕು. ಹತ್ತಿರದ ರೈಲು ಹಳಿಯ ಮೇಲೆ ಕ್ಲೋರಿನ್ ಟ್ಯಾಂಕರ್ ಸೋರಿದರೆ ಅದೇ ಕಟ್ಟಡದಲ್ಲಿ ಮೇಲಿನ ಮಹಡಿಗೆ ಏರಬೇಕು, ಏಕೆಂದರೆ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ನೆಲಮಾಳಿಗೆಯಲ್ಲೇ ತುಂಬಿಕೊಳ್ಳುತ್ತದೆ.

ಆದ್ದರಿಂದ ಹೊಸಬರಲ್ಲಿ ನನ್ನ ಕೋರಿಕೆ ಇಷ್ಟೇ. ಸಂದೇಶದ ಮೊದಲ ಪದವನ್ನಷ್ಟೇ ಓದಿ ಎದ್ದು ಓಡಬೇಡಿ, ಇಡೀ ವಾಕ್ಯವನ್ನು ಓದಿ. ಮತ್ತು ನೀವು ದಿನವೂ ಕೂರುವ ಕೋಣೆಯ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಈ ವಾರವೇ ನೋಡಿಟ್ಟುಕೊಳ್ಳಿ. ಅನುಭವವುಳ್ಳವರು ಸೇರಿಸಬಹುದಾದದ್ದನ್ನು ಸೇರಿಸಿ.

ಉತ್ತರ: ಬಾಗಿಲು ಮತ್ತು ಬೀಗಗಳ ವಿನ್ಯಾಸ ಸಲಹೆಗಾರ, ಕ್ಯಾಲಿಫೋರ್ನಿಯಾ

ಸರ್, ಬಾಗಿಲಿನ ವಿಷಯವನ್ನು ನೀವು ಕೊನೆಯ ವಾಕ್ಯದಲ್ಲಿ ಇಟ್ಟಿದ್ದೀರಿ. ನಾನಾಗಿದ್ದರೆ ಮೊದಲಲ್ಲಿ ಇಡುತ್ತಿದ್ದೆ.

2016ರ ಜೂನ್ 1ರಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರ ಕೊಲೆಯಾದಾಗ ಇಡೀ ಕ್ಯಾಂಪಸ್ಸಿಗೆ ಲಾಕ್‌ಡೌನ್ ಆದೇಶ ಬಂತು. ಆದೇಶ ಪಾಲಿಸಲು ಹೊರಟ ಎಷ್ಟೋ ವಿದ್ಯಾರ್ಥಿಗಳಿಗೆ ತಮ್ಮ ತರಗತಿಯ ಬಾಗಿಲಿಗೆ ಒಳಗಿನಿಂದ ಬೀಗವೇ ಇಲ್ಲವೆಂಬುದು ಆಗಷ್ಟೇ ತಿಳಿಯಿತು. ಕೆಲವು ಬಾಗಿಲುಗಳು ಹೊರಕ್ಕೆ ತೆರೆದುಕೊಳ್ಳುವಂಥವು, ಆದ್ದರಿಂದ ಮೇಜು ಅಡ್ಡ ಇಟ್ಟರೂ ಪ್ರಯೋಜನವಿರಲಿಲ್ಲ. ಹುಡುಗರು ಸೊಂಟದ ಬೆಲ್ಟು, ವಿದ್ಯುತ್ ತಂತಿಗಳನ್ನು ಹಿಡಿಗೆ ಸುತ್ತಿ ಕುರ್ಚಿಗಳಿಗೆ ಕಟ್ಟಿ ಎಳೆದು ಹಿಡಿದು ಕುಳಿತಿದ್ದರು. ಬಾಗಿಲು ಹೊರಕ್ಕೆ ತೆರೆಯುವುದು ಯಾರ ತಪ್ಪೂ ಅಲ್ಲ. ಬೆಂಕಿ ಬಿದ್ದಾಗ ಜನ ಒತ್ತೊತ್ತಾಗಿ ಬಂದರೂ ಕದ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಹೆಚ್ಚು ಜನ ಕೂರುವ ಕೋಣೆಗಳಿಗೆ ನಿಯಮವೇ ಹಾಗಿದೆ. ಒಂದು ಅಪಾಯಕ್ಕಾಗಿ ಮಾಡಿದ ಸರಿಯಾದ ಏರ್ಪಾಡು ಇನ್ನೊಂದು ಅಪಾಯದ ಹೊತ್ತಿಗೆ ಅಡ್ಡಿಯಾಯಿತು.

ಹಳೆಯ ತರಗತಿಗಳ ಬೀಗವನ್ನು ಹೊರಗಿನಿಂದ ಕೀಲಿಕೈ ತಿರುಗಿಸಿಯೇ ಹಾಕಬೇಕು. ಅಂದರೆ ಬೋಧಕರು ಹಜಾರಕ್ಕೆ ತಲೆ ಹಾಕಿ ಬೀಗ ಹಾಕಿ ಒಳಗೆ ಬರಬೇಕು. ಅದರ ಬದಲು ಸ್ಟೋರ್‌ರೂಮ್ ಮಾದರಿ ಎಂದು ನಾವು ಕರೆಯುವ ಬೀಗವಿದೆ: ಹೊರಗಿನ ಹಿಡಿ ಸದಾ ಲಾಕ್ ಆಗಿರುತ್ತದೆ, ಒಳಗಿನ ಹಿಡಿ ಸದಾ ತೆರೆಯುತ್ತದೆ, ಕದವನ್ನು ಎಳೆದುಕೊಂಡರೆ ಕೆಲಸ ಮುಗಿಯಿತು. ಇದರ ದೊಡ್ಡ ಶತ್ರು ಬಾಗಿಲ ಕೆಳಗೆ ಸಿಕ್ಕಿಸುವ ಮರದ ತುಂಡು. ತಡವಾಗಿ ಬರುವವರಿಗೆಂದು ಯಾರೋ ಒಬ್ಬರು ಅದನ್ನು ಸಿಕ್ಕಿಸಿಡುತ್ತಾರೆ, ಎಷ್ಟು ಸಾವಿರ ಡಾಲರಿನ ಬೀಗವಾದರೂ ಅಲ್ಲಿಗೆ ವ್ಯರ್ಥ.

ಸ್ಯಾಂಡಿ ಹುಕ್ ಶಾಲೆಯ ಗುಂಡಿನ ದಾಳಿಯ ನಂತರ ಕನೆಕ್ಟಿಕಟ್ ರಾಜ್ಯ ನೇಮಿಸಿದ ಸಲಹಾ ಆಯೋಗ 2015ರ ತನ್ನ ವರದಿಯಲ್ಲಿ ಒಳಗಿನಿಂದ ಬೀಗ ಹಾಕಬಹುದಾದ ಬಾಗಿಲುಗಳಿಗೆ ಎಲ್ಲಕ್ಕಿಂತ ಹೆಚ್ಚಿನ ಒತ್ತು ನೀಡಿತು. ಆದರೆ ಈಗ ಮಾರುಕಟ್ಟೆಯಲ್ಲಿ ಸಿಗುವ, ಬಾಗಿಲಿಗೆ ಅಡ್ಡ ಸಿಕ್ಕಿಸುವ ಕಬ್ಬಿಣದ ಸಲಕರಣೆಗಳನ್ನು ಕೊಳ್ಳಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಒಳಗಿರುವವರು ಕೀಲಿಕೈಯಾಗಲಿ ವಿಶೇಷ ತಿಳಿವಳಿಕೆಯಾಗಲಿ ಇಲ್ಲದೆ ಬಾಗಿಲು ತೆರೆದು ಹೊರಬರುವಂತಿರಬೇಕು, ಹಿಡಿ ನೆಲದಿಂದ 34ರಿಂದ 48 ಇಂಚು ಎತ್ತರದಲ್ಲಿರಬೇಕು ಎಂಬುದು ಇಲ್ಲಿನ ಸಂಹಿತೆಗಳ ಮೂಲ ತತ್ವ. ನೆಲಕ್ಕೆ ಬಗ್ಗಿ ತೆಗೆಯಬೇಕಾದ ಗೂಟ ಹೊಗೆ ತುಂಬಿದ ಕೋಣೆಯಲ್ಲಿ ಯಾರ ಕೈಗೂ ಸಿಗುವುದಿಲ್ಲ. ಹಾಗೆಯೇ ಕೆಟ್ಟ ಉದ್ದೇಶದವನೊಬ್ಬ ತಾನೇ ಒಳಗಿದ್ದು ಅದನ್ನು ಸಿಕ್ಕಿಸಿಕೊಂಡರೆ ಪೊಲೀಸರು ಹೊರಗೆ ನಿಲ್ಲಬೇಕಾಗುತ್ತದೆ.

ಉತ್ತರ: ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ, ಮೈಸೂರು

ಮಾನ್ಯರೇ, ಮೇಲಿನ ಬರಹ ಓದುತ್ತಾ ನಾನು ಮೂವತ್ತು ವರ್ಷ ಪಾಠ ಮಾಡಿದ ಕೋಣೆಗಳ ಬಾಗಿಲುಗಳನ್ನು ನೆನಪಿಸಿಕೊಂಡೆ. ನಮ್ಮ ಕಾಲೇಜುಗಳ ತರಗತಿ ಬಾಗಿಲಿಗೆ ಒಳಗಡೆ ಟವರ್ ಬೋಲ್ಟ್, ಹೊರಗಡೆ ಆಲ್ಡ್ರಾಪ್ ಇರುತ್ತವೆ. ಯುಸಿಎಲ್‌ಎಯ ವಿದ್ಯಾರ್ಥಿಗಳು ಬೆಲ್ಟು ಕಟ್ಟಿ ಸಾಧಿಸಲು ಒದ್ದಾಡಿದ್ದನ್ನು ನಮ್ಮ ಹುಡುಗರು ಮೇಲಿನ ಚಿಲಕ ಏರಿಸಿ ಎರಡು ಕ್ಷಣದಲ್ಲಿ ಮಾಡಬಲ್ಲರು. ಆದರೆ ಹೊರಗಿನ ಆಲ್ಡ್ರಾಪ್ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರು ಬೇಕಾದರೂ ಅದನ್ನು ಎಳೆದು ಒಳಗಿರುವ ಅರವತ್ತು ಜನರನ್ನು ಕೂಡಿಹಾಕಬಹುದು. ಜೊತೆಗೆ ಸಂಜೆ ಐದಾದೊಡನೆ ಎರಡು ಮೆಟ್ಟಿಲುಗಳ ಪೈಕಿ ಒಂದರ ಕೊಲಾಪ್ಸಿಬಲ್ ಗೇಟಿಗೆ ಬೀಗ ಬೀಳುತ್ತದೆ. ಕೀಲಿಕೈ ಅಟೆಂಡರ್ ಜೇಬಿನಲ್ಲಿ, ಅಟೆಂಡರ್ ಕ್ಯಾಂಟೀನಿನಲ್ಲಿ.

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಕಾಣಿಸಿಕೊಂಡಾಗ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ಹೊರಹೋಗುವ ದಾರಿಗಳು ಮುಚ್ಚಿದ್ದವು ಎಂಬುದೇ ಆಗಿನ ದೊಡ್ಡ ದೂರು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಬೆಂದುಹೋದದ್ದನ್ನು ನನ್ನ ತಲೆಮಾರಿನ ಯಾವ ಮೇಷ್ಟರೂ ಮರೆತಿಲ್ಲ. ಹೀಗಾಗಿ ನಮ್ಮ ನೆಲದಲ್ಲಿ ‘ಬಾಗಿಲು ಭದ್ರಪಡಿಸಿ’ ಎಂಬ ಸಲಹೆ ಕೇಳಿದಾಗ ನನಗೆ ಮೊದಲು ಹೊಳೆಯುವುದು ಬಂದೂಕು ಹಿಡಿದವನಲ್ಲ, ಹೊಗೆ.

ಹಾಗೆಂದು ನಮ್ಮಲ್ಲಿ ಬಂದೂಕೇ ಇಲ್ಲವೆನ್ನುವಂತೆಯೂ ಇಲ್ಲ. 2005ರ ಡಿಸೆಂಬರ್ 28ರ ಸಂಜೆ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಎನ್. ಟಾಟಾ ಸಭಾಂಗಣದ ಹೊರಗೆ, ಸಮ್ಮೇಳನ ಮುಗಿಸಿ ಬರುತ್ತಿದ್ದವರ ಮೇಲೆ ಗುಂಡು ಹಾರಿಸಲಾಯಿತು. ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ. ಸಿ. ಪುರಿ ತೀರಿಕೊಂಡರು. ಅಲ್ಲಿಯವರೆಗೆ ಯಾರು ಬೇಕಾದರೂ ಸೈಕಲ್ ತುಳಿದುಕೊಂಡು ಹಾದುಹೋಗಬಹುದಾಗಿದ್ದ ಆವರಣಕ್ಕೆ ಆಮೇಲೆ ಕಾವಲು ಬಿಗಿಯಾಯಿತು. ಆದರೆ ನಮ್ಮಲ್ಲಿ ‘ಬಿಗಿ ಭದ್ರತೆ’ ಎಂದರೆ ಗೇಟಿನಲ್ಲಿ ಪುಸ್ತಕ ಹಿಡಿದು ಹೆಸರು ಬರೆಸುವುದು. ಗೇಟು ದಾಟಿ ಬಂದದ್ದರ ಬಗ್ಗೆ ಒಳಗಿನ ಕಟ್ಟಡದಲ್ಲಿರುವವರು ಏನು ಮಾಡಬೇಕೆಂಬ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ.

ಕುತೂಹಲದ ಸಂಗತಿಯೆಂದರೆ ಈಚೆಗೆ ನಮ್ಮ ಊರಿನಲ್ಲೇ ನಡೆದ, ಶೆಲ್ಟರ್ ಎಂಬ ಪದಕ್ಕೆ ಸರಿಯಾಗಿ ಒಪ್ಪುವ ಪ್ರಸಂಗಕ್ಕೆ ಕಾರಣ ಒಂದು ಚಿರತೆ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು, ಅಲ್ಲೇ ವಾಸವಿದ್ದ ತರಬೇತಿ ಅಭ್ಯರ್ಥಿಗಳಿಗೆ ಹಾಸ್ಟೆಲ್ಲಿನಿಂದ ಹೊರಬರದಿರಲು ತಿಳಿಸಲಾಯಿತು. ಅಪಾಯ ಯಾವುದು, ಎಲ್ಲಿದೆ, ನೀವು ಎಲ್ಲಿರಬೇಕು ಎಂಬ ಮೂರೂ ಆ ಸೂಚನೆಯಲ್ಲಿದ್ದವು. ಚಿರತೆಗೆ ಹೇಳಲು ಸಾಧ್ಯವಾದದ್ದನ್ನು ಉಳಿದದ್ದಕ್ಕೂ ಹೇಳಬಹುದಲ್ಲವೇ?

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಅಲಬಾಮಾ

ಸುಂಟರಗಾಳಿಯ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ದಾವಣಗೆರೆಯಲ್ಲಿ ಬೆಳೆದ ನನಗೆ ಗಾಳಿ ಎಂದರೆ ತೆಂಗಿನ ಗರಿ ಬೀಳುವುದಷ್ಟೇ ಆಗಿತ್ತು.

2011ರ ಏಪ್ರಿಲ್ 27ರಂದು ಟಸ್ಕಲೂಸಾ ನಗರವನ್ನು ಸೀಳಿಕೊಂಡು ಹೋದ ಸುಂಟರಗಾಳಿ ಅಲಬಾಮಾ ವಿಶ್ವವಿದ್ಯಾಲಯದ ಆವರಣವನ್ನು ಸ್ವಲ್ಪದರಲ್ಲೇ ಬಿಟ್ಟಿತು. ಆವರಣದ ಹೊರಗೆ ಬಾಡಿಗೆ ಮನೆಗಳಲ್ಲಿದ್ದ ವಿದ್ಯಾರ್ಥಿಗಳು ಸತ್ತರು. ನಮ್ಮವರಲ್ಲಿ ಹೆಚ್ಚಿನವರು ಇರುವುದು ಅಂಥ ಬಾಡಿಗೆ ಮನೆಗಳಲ್ಲೇ ಎಂಬುದನ್ನು ನೆನಪಿಡಬೇಕು. ಟೆನ್ನೆಸೀಯ ಜಾಕ್ಸನ್ ಊರಿನ ಯೂನಿಯನ್ ವಿಶ್ವವಿದ್ಯಾಲಯದ ಕತೆ ಬೇರೆ. 2008ರ ಫೆಬ್ರವರಿ 5ರಂದು ಅಲ್ಲಿನ ಹಾಸ್ಟೆಲುಗಳು ನೆಲಸಮವಾದವು, ಕೆಲವು ವಿದ್ಯಾರ್ಥಿಗಳು ಗಂಟೆಗಟ್ಟಲೆ ಅವಶೇಷಗಳಡಿ ಸಿಕ್ಕಿಕೊಂಡಿದ್ದರು, ಆದರೂ ಒಬ್ಬರೂ ಸಾಯಲಿಲ್ಲ. ಗಾಳಿ ಬರುವ ಮುನ್ನವೇ ಎಲ್ಲರನ್ನೂ ಕೆಳಮಹಡಿಯ ಬಚ್ಚಲುಮನೆಗಳಿಗೆ, ಒಳಕೋಣೆಗಳಿಗೆ ಸೇರಿಸಿದ್ದರು.

ಇಲ್ಲಿ ಪದಗಳ ಇನ್ನೊಂದು ಜೋಡಿ ಕಾಡುತ್ತದೆ. ಹವಾಮಾನ ಇಲಾಖೆ ‘ವಾಚ್’ ಎಂದರೆ ಸುಂಟರಗಾಳಿಗೆ ಅನುಕೂಲವಾದ ವಾತಾವರಣವಿದೆ, ಎಲ್ಲಿಗೆ ಹೋಗಬೇಕೆಂದು ಯೋಚಿಸಿಡಿ. ‘ವಾರ್ನಿಂಗ್’ ಎಂದರೆ ಕಣ್ಣಿಗೋ ರಾಡಾರಿಗೋ ಕಂಡಿದೆ, ಈಗಲೇ ಹೋಗಿ. ಸೈರನ್ ಇರುವುದು ಹೊರಗೆ ಓಡಾಡುತ್ತಿರುವವರಿಗೆ. ಒಳಗೆ ಫ್ಯಾನ್ ಹಾಕಿಕೊಂಡು ಮಲಗಿದವರಿಗೆ ಅದು ಕೇಳಿಸದಿರಬಹುದು, ಆದ್ದರಿಂದ ಮೊಬೈಲಿನ ಎಚ್ಚರಿಕೆಯನ್ನು ಆರಿಸಿಡಬೇಡಿ. ಹೋಗುವಾಗ ವಿಶಾಲ ಛಾವಣಿಯ ಜಾಗಗಳನ್ನು, ಅಂದರೆ ಜಿಮ್, ಸಭಾಂಗಣ, ಕೆಫೆಟೇರಿಯಾಗಳನ್ನು ಬಿಡಬೇಕು. ನಡುವೆ ಕಂಬಗಳಿಲ್ಲದ ಛಾವಣಿ ಮೊದಲು ಹಾರುತ್ತದೆ ಅಥವಾ ಕುಸಿಯುತ್ತದೆ. ಒಳಹಜಾರ ಒಳ್ಳೆಯದೆಂದು ಎಲ್ಲೆಡೆ ಹೇಳುತ್ತಾರೆ, ಆದರೆ 2007ರ ಮಾರ್ಚ್ 1ರಂದು ಇದೇ ರಾಜ್ಯದ ಎಂಟರ್‌ಪ್ರೈಸ್ ಪ್ರೌಢಶಾಲೆಯಲ್ಲಿ ಸತ್ತ ಎಂಟು ವಿದ್ಯಾರ್ಥಿಗಳು ಹಜಾರದಲ್ಲೇ ಆಶ್ರಯ ಪಡೆದಿದ್ದರು. ಹಜಾರವೆಂಬ ಹೆಸರಿನಿಂದ ರಕ್ಷಣೆ ಬರುವುದಿಲ್ಲ, ಅದರ ಗೋಡೆ ಮತ್ತು ಛಾವಣಿಯಿಂದ ಬರುತ್ತದೆ. ಅದಕ್ಕಾಗಿಯೇ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಸೇಫ್ ರೂಮ್ (ಆಶ್ರಯ ಕೋಣೆ) ಮಾನದಂಡ ಸುಂಟರಗಾಳಿಯ ಅಪಾಯ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯಬೇಕೆಂದು ಹೇಳುತ್ತದೆ. ಅಲ್ಲಿ ಒಬ್ಬರಿಗೆ ಲೆಕ್ಕ ಹಾಕುವ ಜಾಗ ಐದು ಚದರ ಅಡಿ ಮಾತ್ರ. ಬೆನ್ನುಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಪಕ್ಕದವರ ಮೊಣಕೈ ನಮ್ಮದೇ ಅನಿಸುತ್ತದೆ.

ಉತ್ತರ: ತಾಯಿ, ಹಾಸನ

ಎಲ್ಲರಿಗೂ ನಮಸ್ಕಾರ. ನಿಮ್ಮಷ್ಟು ತಿಳಿವಳಿಕೆ ನನಗಿಲ್ಲ. ನನ್ನ ಮಗಳು ಅಲ್ಲಿ ಓದಲು ಹೋಗಿ ಒಂದೂವರೆ ವರ್ಷವಾಯಿತು. ಹೋದ ವರ್ಷ ಒಂದು ಬೆಳಿಗ್ಗೆ, ನಮಗೆ ಏಳು ಗಂಟೆ, ಅವರಿಗೆ ಹಿಂದಿನ ದಿನದ ರಾತ್ರಿ, ಟಿವಿಯಲ್ಲಿ ಅವಳ ವಿಶ್ವವಿದ್ಯಾಲಯದ ಹೆಸರು ಓಡಿತು. ನಾನು, ಅವಳ ಅಪ್ಪ, ಅವಳ ಸೋದರಮಾವ ಮೂವರೂ ಒಂದೇ ಸಮನೆ ಫೋನ್ ಮಾಡಿದೆವು. ಅವಳು ಎತ್ತಲಿಲ್ಲ. ಎರಡು ಗಂಟೆ ನಾನು ಹೇಗಿದ್ದೆ ಎಂದು ಬರೆಯಲಾರೆ. ಆಮೇಲೆ ಅವಳು ಕರೆ ಮಾಡಿ ಅಳುತ್ತಾ ಹೇಳಿದ ಮೊದಲ ಮಾತು, ‘ಅಮ್ಮಾ, ಕತ್ತಲೆ ಕೋಣೆಯಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದು ಕೂತಿದ್ದೆವು, ನಿನ್ನ ಫೋನ್ ರಿಂಗಾಯಿತು’ ಎಂದು. ಅವತ್ತು ಏನೂ ಅನಾಹುತ ಆಗಲಿಲ್ಲ, ಯಾರೋ ಸುಳ್ಳು ಸುದ್ದಿ ಕೊಟ್ಟಿದ್ದರಂತೆ. ಆದರೆ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಇಷ್ಟು ದೂರವಿರುವ ನಾವು ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿದವರು ಹೇಳಿ.

ಉತ್ತರ: ಕಟ್ಟಡಗಳ ತುರ್ತು ಯೋಜನಾ ವಿಭಾಗದ ನೌಕರ, ಮಿಡ್‌ವೆಸ್ಟ್

ಅಮ್ಮ, ನಿಮ್ಮ ಪ್ರಶ್ನೆ ನಮ್ಮ ಯೋಜನಾ ಪುಸ್ತಕಗಳಲ್ಲಿ ಇಲ್ಲ, ಇರಬೇಕಿತ್ತು. 2023ರ ಫೆಬ್ರವರಿ 13ರಂದು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡು ಹಾರಿದ್ದು ರಾತ್ರಿ 8ರ ನಂತರ. ಮೂವರು ವಿದ್ಯಾರ್ಥಿಗಳು ಸತ್ತು ಐವರು ಗಾಯಗೊಂಡ ಆ ರಾತ್ರಿ, ಮಧ್ಯರಾತ್ರಿ ದಾಟುವವರೆಗೂ ಸಾವಿರಾರು ಜನ ಕೋಣೆಗಳಲ್ಲಿ ಅಡಗಿ ಕುಳಿತಿದ್ದರು. ಭಾರತದಲ್ಲಿ ಅದು ಬೆಳಗಿನ ಹೊತ್ತು. ಅಂದರೆ ಅಡಗಿ ಕೂರುವ ಹೊತ್ತು ಮತ್ತು ಊರಿನಲ್ಲಿ ಸುದ್ದಿ ಓಡುವ ಹೊತ್ತು ಒಂದೇ ಆಗುವುದು ಅಪರೂಪವೇನಲ್ಲ.

ದಯವಿಟ್ಟು ಕರೆ ಮಾಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಂದೇಶ ಕಳುಹಿಸಿ ಕಾಯಿರಿ. ಮೊದಲೇ ಒಂದು ಗುರುತು ಮಾತಾಡಿಕೊಂಡಿರಿ: ಮಗಳು ಒಂದು ಚುಕ್ಕೆ ಕಳುಹಿಸಿದರೆ ‘ಸುರಕ್ಷಿತವಾಗಿದ್ದೇನೆ, ಮಾತನಾಡುವಂತಿಲ್ಲ’ ಎಂದರ್ಥ. ಮನೆಯವರೆಲ್ಲ ಬೇರೆ ಬೇರೆಯಾಗಿ ಕೇಳದೆ ಒಬ್ಬರೇ ಕೇಳಿ ಉಳಿದವರಿಗೆ ತಿಳಿಸುವಂತಾಗಲಿ. ಮಗಳಿಗೆ ಹೇಳಬೇಕಾದದ್ದೂ ಒಂದಿದೆ: ಬಾಗಿಲು ಮುಚ್ಚಿದೊಡನೆ ಫೋನನ್ನು ಪೂರ್ತಿ ನಿಶ್ಶಬ್ದಕ್ಕೆ ಹಾಕಬೇಕು. ವೈಬ್ರೇಷನ್ ಕೂಡ ಮೇಜಿನ ಮೇಲೆ ಜೋರಾಗಿ ಕೇಳುತ್ತದೆ.

ಮೇಲೆ ಹೇಳಿದ ‘ಐ ಲವ್ ಯು ಗೈಸ್’ ಪ್ರತಿಷ್ಠಾನದ ಹೆಸರು ಎಲ್ಲಿಂದ ಬಂತೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಒತ್ತೆಯಾಗಿದ್ದ ಆ ಹುಡುಗಿ ಮನೆಯವರಿಗೆ ಕಳುಹಿಸಿದ್ದ ಸಂದೇಶವದು.

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಟೆಕ್ಸಸ್

ಕ್ಷಮಿಸಿ, ನನ್ನ ಅಭಿಪ್ರಾಯ ಬೇರೆ. ಈ ಬಗೆಯ ಚರ್ಚೆಗಳು ಹೊಸ ಹುಡುಗರಲ್ಲಿ ಭಯವನ್ನಷ್ಟೇ ತುಂಬುತ್ತವೆ. ಸುಳ್ಳು ಕರೆಗಳೇ ಹೆಚ್ಚು. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ವಿಲನೋವಾ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತದ ದಿನವೇ ಅಂಥದೊಂದು ಕರೆಯಿಂದ ಜನ ಕುರ್ಚಿ ಬಿಟ್ಟು ಓಡಿದ್ದನ್ನು ನೋಡಿದೆವು. ಹತ್ತು ಸಲ ಓಡಿಸಿದರೆ ಹನ್ನೊಂದನೆಯ ಸಲ ಯಾರೂ ಓಡುವುದಿಲ್ಲ. ಇನ್ನೊಂದು ಪ್ರಶ್ನೆ: ಬೀಗ ಹಾಕಿ ಕೂರಿ ಎನ್ನುತ್ತೀರಿ, ಆದರೆ ಹ್ಯೂಸ್ಟನ್ ನಗರ 2012ರಲ್ಲಿ ಹೊರತಂದ ‘ಓಡು, ಅಡಗು, ಹೋರಾಡು’ ಎಂಬ ಸೂತ್ರದಲ್ಲಿ ಮೊದಲು ಇರುವುದು ಓಟ. ಯಾವುದು ಸರಿ?

ಉತ್ತರ: ಬಾಗಿಲು ಮತ್ತು ಬೀಗಗಳ ವಿನ್ಯಾಸ ಸಲಹೆಗಾರ, ಕ್ಯಾಲಿಫೋರ್ನಿಯಾ

ಎರಡನೆಯ ಪ್ರಶ್ನೆಗೆ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ನಾರಿಸ್ ಹಾಲ್ ಉತ್ತರ ಕೊಡುತ್ತದೆ. 2007ರ ಏಪ್ರಿಲ್ 16ರಂದು ದಾಳಿಕೋರ ಆ ಕಟ್ಟಡದ ಮುಖ್ಯ ಬಾಗಿಲುಗಳಿಗೆ ಒಳಗಿನಿಂದ ಸರಪಳಿ ಸುತ್ತಿ ಬೀಗ ಜಡಿದಿದ್ದ. 204ನೆಯ ಕೋಣೆಯಲ್ಲಿ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಬಾಗಿಲಿಗೆ ಮೈ ಒತ್ತಿ ನಿಂತರು, ಹಲವು ವಿದ್ಯಾರ್ಥಿಗಳು ಎರಡನೆಯ ಮಹಡಿಯ ಕಿಟಕಿಗಳಿಂದ ಹಾರಿ ಉಳಿದರು, ಲಿಬ್ರೆಸ್ಕು ಉಳಿಯಲಿಲ್ಲ. ಅದೇ ಮಹಡಿಯ 205ರಲ್ಲಿ ವಿದ್ಯಾರ್ಥಿಗಳು ದೊಡ್ಡ ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದರು. ಕದದ ಮೂಲಕ ಗುಂಡು ಹಾರಿಸಿದರೂ ಅವನು ಒಳಗೆ ಬರಲಾಗಲಿಲ್ಲ, ಆ ಕೋಣೆಯಲ್ಲಿ ಯಾರಿಗೂ ಗಾಯವಾಗಲಿಲ್ಲ. ಒಂದೇ ಮಹಡಿಯ ಎರಡು ಕೋಣೆಗಳು, ಎರಡು ದಾರಿಗಳು. ಹೊರಗೆ ದಾರಿ ತೆರೆದಿದ್ದು ಅಪಾಯ ದೂರದಲ್ಲಿದ್ದರೆ ಹೋಗಬೇಕು. ದಾರಿ ಅಪಾಯದ ಮುಂದೆಯೇ ಹಾದುಹೋಗುವುದಾದರೆ ಬಾಗಿಲು ಮುಚ್ಚಬೇಕು. ಇದನ್ನು ಆ ಕೋಣೆಯಲ್ಲಿರುವವರೇ ತೀರ್ಮಾನಿಸಬೇಕಾಗುತ್ತದೆ, ದೂರದಿಂದ ಸಂದೇಶ ಕಳುಹಿಸುವವರಿಗೆ ಅದು ಕಾಣುವುದಿಲ್ಲ.

ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಲಾಕ್‌ಡೌನ್ ನಡುವೆ ಬೆಂಕಿಯ ಗಂಟೆ ಹೊಡೆದರೆ ಏನು ಮಾಡಬೇಕು? 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ಹೊಗೆ, ದೂಳಿನಿಂದ ಗಂಟೆ ಮೊಳಗಿ, ಮೇಲಿನ ಮಹಡಿಯ ಮಕ್ಕಳು ಅಭ್ಯಾಸದಂತೆ ಹಜಾರಕ್ಕೆ ಬಂದುಬಿಟ್ಟರು. ಹಾಗಾಗಿ ಈಗ ಕೊಡುವ ಸಲಹೆ, ಹೊಗೆ ಅಥವಾ ಬೆಂಕಿ ಕಣ್ಣಿಗೆ, ಮೂಗಿಗೆ ತಾಗಿದರೆ ಮಾತ್ರ ಹೊರಡಿ, ಗಂಟೆಯನ್ನಷ್ಟೇ ಕೇಳಿ ಹೊರಡಬೇಡಿ ಎಂಬುದು. ಮೈಸೂರಿನ ಮೇಷ್ಟ್ರಿಗೆ ಇದು ಒಪ್ಪಿಗೆಯಾಗದಿರಬಹುದು.

ಉತ್ತರ: ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ, ಮೈಸೂರು

ಒಪ್ಪಿಗೆಯಿಲ್ಲ, ಆದರೆ ಉತ್ತರವೂ ಇಲ್ಲ. ನಮ್ಮ ಕಟ್ಟಡಗಳಲ್ಲಿ ಗಂಟೆಗೆ ಹೊರಡದವರೇ ಹೆಚ್ಚು. ಅಲ್ಲಿನ ಸಲಹೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಇರುವ ಒಂದು ಒಳ್ಳೆಯ ಅಭ್ಯಾಸವನ್ನೂ ಕಳೆದುಕೊಳ್ಳುತ್ತೇವೆ.

ಉತ್ತರ: ರಸಾಯನಶಾಸ್ತ್ರ ಪ್ರಯೋಗಾಲಯದ ಮೇಲ್ವಿಚಾರಕಿ, ನ್ಯೂಜೆರ್ಸಿ

ಹೊರಗೆ ವಿಷಾನಿಲ ಹರಡಿದಾಗಿನ ಆಶ್ರಯದ ಬಗ್ಗೆ ಒಂದು ಮಾತು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಟ್ಟು ಕೂರಿ ಎಂಬ ಸೂಚನೆ ವಾಸದ ಮನೆಗೆ ಸರಿ, ಪ್ರಯೋಗಾಲಯದ ಕಟ್ಟಡಕ್ಕೆ ಸಾಲದು. ನಮ್ಮಲ್ಲಿನ ಫ್ಯೂಮ್ ಹುಡ್‌ಗಳು, ಅಂದರೆ ಪ್ರಯೋಗದ ಹೊಗೆಯನ್ನು ಹೀರಿಕೊಳ್ಳುವ ಗೂಡುಗಳು, ಒಳಗಿನ ಗಾಳಿಯನ್ನು ಸದಾ ಹೊರಗೆ ಎಸೆಯುತ್ತಿರುತ್ತವೆ, ಅಷ್ಟೇ ಗಾಳಿಯನ್ನು ಕಟ್ಟಡ ಹೊರಗಿನಿಂದ ಎಳೆದುಕೊಳ್ಳುತ್ತದೆ. ಅವು ಓಡುತ್ತಿರುವಾಗ ಕಿಟಕಿ ಮುಚ್ಚಿದರೂ ಹೊರಗಿನ ಅನಿಲ ಸಂದಿಗಳಿಂದ ನುಗ್ಗುತ್ತದೆ. ಹಾಗೆಂದು ಹುಡ್ ಒಳಗೆ ಕುದಿಯುತ್ತಿರುವುದನ್ನು ಬಿಟ್ಟು ಗಾಳಿ ನಿಲ್ಲಿಸಿದರೆ ಅಪಾಯ ಒಳಗಿನಿಂದಲೇ ಹುಟ್ಟುತ್ತದೆ. ಆದ್ದರಿಂದ ಪ್ರಯೋಗಾಲಯವಿರುವ ಕಟ್ಟಡದ ಆಶ್ರಯ ಕೋಣೆ ಪ್ರಯೋಗಾಲಯದಲ್ಲಿ ಇರಬಾರದು. ಬೇರೆ ಗಾಳಿಕೊಳವೆಯ ಕಚೇರಿ ಭಾಗದಲ್ಲಿರಬೇಕು, ವಾತಾಯನ ನಿಲ್ಲಿಸುವ ಸ್ವಿಚ್ ಯಾರ ಕೈಯಲ್ಲಿದೆ ಎಂಬುದು ಬರೆದಿರಬೇಕು. 1984ರ ಭೋಪಾಲದ ನೆನಪಿರುವ ದೇಶದಿಂದ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉತ್ತರ: ಗಾಲಿಕುರ್ಚಿ ಬಳಸುವ ಸ್ನಾತಕೋತ್ತರ ವಿದ್ಯಾರ್ಥಿ, ವರ್ಜೀನಿಯಾ

ಇಳಿಯಿರಿ, ಏರಿರಿ, ಓಡಿ ಎಂದು ಎಲ್ಲರೂ ಬರೆಯುತ್ತಿದ್ದೀರಿ. ಬೆಂಕಿಯ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ ನನ್ನ ಪಾಲಿಗೆ ಇರುವುದು ಮೆಟ್ಟಿಲಿನ ತಿರುವಿನಲ್ಲಿ ಬೆಂಕಿ ತಡೆಯುವ ಗೋಡೆಯೊಳಗಿನ ಕಾಯುವ ಜಾಗ, ಅಲ್ಲಿ ಎರಡೂ ಕಡೆ ಮಾತನಾಡಬಹುದಾದ ಒಂದು ಇಂಟರ್‌ಕಾಮ್. ಬಂದ ಮೊದಲ ತಿಂಗಳಲ್ಲೇ ಅದರ ಗುಂಡಿ ಒತ್ತಿ ಪರೀಕ್ಷಿಸಿ ಎಂದು ನನ್ನಂಥವರಿಗೆ ಹೇಳುತ್ತೇನೆ. ನಾನು ಒಂದು ಕಟ್ಟಡದಲ್ಲಿ ಒತ್ತಿದಾಗ ಆ ಕಡೆ ಯಾರೂ ಎತ್ತಲಿಲ್ಲ, ದೂರು ಕೊಟ್ಟ ಮೇಲೆ ಸರಿಪಡಿಸಿದರು. ಸುಂಟರಗಾಳಿಯ ‘ವಾಚ್’ ಬಂದಾಗಲೇ ನಾನು ಕೆಳಮಹಡಿಗೆ ಹೋಗುತ್ತೇನೆ, ‘ವಾರ್ನಿಂಗ್’ ಬರುವಷ್ಟರಲ್ಲಿ ವಿದ್ಯುತ್ ಹೋದರೆ ಲಿಫ್ಟೂ ಹೋಗುತ್ತದೆ.

ಕಾಯುವಿಕೆಯ ಉದ್ದವನ್ನೂ ಯಾರೂ ಎತ್ತಲಿಲ್ಲ. 2022ರ ನವೆಂಬರ್ 13ರ ರಾತ್ರಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರವಾಸದಿಂದ ಮರಳಿದ ಬಸ್ಸಿನಲ್ಲಿ ಮೂವರ ಕೊಲೆಯಾದಾಗ, ಶಂಕಿತ ಸಿಗದ ಕಾರಣ ‘ಇದ್ದಲ್ಲೇ ಇರಿ’ ಎಂಬ ಆದೇಶ ಮರುದಿನ ಬೆಳಗಿನವರೆಗೆ ಸುಮಾರು ಹನ್ನೆರಡು ಗಂಟೆ ಮುಂದುವರಿಯಿತು. ಅಷ್ಟು ಹೊತ್ತು ಗ್ರಂಥಾಲಯದ ಕೋಣೆಯೊಂದರಲ್ಲಿ ಕಳೆಯಬೇಕಾದರೆ ನೀರು, ಮಾತ್ರೆ, ಶೌಚ ಎಂಬ ಮೂರು ಪ್ರಶ್ನೆಗಳು ಬರುತ್ತವೆ. ನನ್ನ ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ದಿನದ ಔಷಧಿ, ಚಾರ್ಜರ್ ಸದಾ ಇರುತ್ತವೆ. ಶೌಚದ ಬ್ಯಾಗಿನ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ಅದೂ ಇರುತ್ತದೆ.

ಉತ್ತರ: ಕಟ್ಟಡಗಳ ತುರ್ತು ಯೋಜನಾ ವಿಭಾಗದ ನೌಕರ, ಮಿಡ್‌ವೆಸ್ಟ್

ಟೆಕ್ಸಸ್‌ನ ಗೆಳೆಯರಿಗೆ: ಸುಳ್ಳು ಕರೆಗಳಿಂದ ದಣಿವಾಗುತ್ತದೆಂಬುದು ನಿಜ, ನಮ್ಮ ವಿಭಾಗದಲ್ಲೂ ಅದೇ ಅಳಲು. ಆದರೆ ಕರೆ ಸುಳ್ಳೋ ನಿಜವೋ ಎಂದು ಖಚಿತಪಡಿಸಿಕೊಂಡ ಮೇಲೆ ತಿಳಿಸೋಣ ಎಂದು ಕಾದರೆ ಏನಾಗುತ್ತದೆ ಎಂಬುದಕ್ಕೂ ವರ್ಜೀನಿಯಾ ಟೆಕ್ ಸಾಕ್ಷಿ. ಅಂದು ಹಾಸ್ಟೆಲಿನಲ್ಲಿ ಮೊದಲ ಇಬ್ಬರ ಮೇಲೆ ಗುಂಡು ಹಾರಿದ್ದು ಬೆಳಿಗ್ಗೆ 7.15ರ ಸುಮಾರಿಗೆ, ವಿದ್ಯಾರ್ಥಿಗಳಿಗೆ ಮೊದಲ ಇಮೇಲ್ ಹೋದದ್ದು 9.26ಕ್ಕೆ, ಅದಾದ ಕಾಲು ಗಂಟೆಯೊಳಗೆ ನಾರಿಸ್ ಹಾಲ್‌ನಲ್ಲಿ ದಾಳಿ ಆರಂಭವಾಯಿತು. ಒಟ್ಟು 32 ಜನ ಸತ್ತರು. ಕ್ಯಾಂಪಸ್ ಅಪರಾಧಗಳ ಮಾಹಿತಿ ಬಹಿರಂಗಪಡಿಸಬೇಕೆನ್ನುವ 1990ರ ಕ್ಲೆರಿ ಕಾಯಿದೆಗೆ 2008ರಲ್ಲಿ ತಿದ್ದುಪಡಿಯಾಗಿ, ಅಪಾಯ ದೃಢಪಟ್ಟೊಡನೆ ವಿಳಂಬವಿಲ್ಲದೆ ತಿಳಿಸಬೇಕು, ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂಬ ನಿಯಮ ಬಂದದ್ದು ಈ ಎರಡು ಗಂಟೆಗಳ ಕಾರಣದಿಂದ. ಭಯದ ವಿಷಯದಲ್ಲಿ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಗುಂಡಿನ ಸದ್ದು ಕೇಳಿಸಿ, ನಕಲಿ ರಕ್ತ ಬಳಿದು ಮಾಡುವ ಅಣಕು ಕಾರ್ಯಾಚರಣೆ ವಿದ್ಯಾರ್ಥಿಗಳಿಗೆ ಬೇಕಿಲ್ಲ, ನಾವು ಮಾಡುವುದೂ ಇಲ್ಲ. ಮೊದಲೇ ತಿಳಿಸಿ, ಬಾಗಿಲು ಮುಚ್ಚಿ, ದೀಪ ಆರಿಸಿ, ಹತ್ತು ನಿಮಿಷ ಕೂತು ಎದ್ದರೆ ಸಾಕು.

ಮುಗಿಯಿತೆಂದು ತಿಳಿಯುವುದು ಹೇಗೆ ಎಂದು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಯಾರಾದರೂ ಬಾಗಿಲು ಬಡಿದು ‘ಪೊಲೀಸ್’ ಎಂದರೆ ತೆರೆಯಬೇಡಿ. ಲಾಕ್‌ಡೌನ್ ಮುಗಿದಾಗ ಪೊಲೀಸರೋ ಕಟ್ಟಡದ ಸಿಬ್ಬಂದಿಯೋ ಕೀಲಿಕೈಯಿಂದ ತಾವೇ ತೆರೆಯುತ್ತಾರೆ, ಅಥವಾ ಅಧಿಕೃತ ಸಂದೇಶ ಬರುತ್ತದೆ. ಬಾಗಿಲು ತೆರೆದಾಗ ನಿಮ್ಮ ಎರಡೂ ಕೈಗಳು ಖಾಲಿಯಾಗಿ ಕಾಣುವಂತಿರಲಿ, ಫೋನ್ ಕೂಡ ಹಿಡಿದಿರಬೇಡಿ.

ಉತ್ತರ: ತಾಯಿ, ಹಾಸನ

ಸರ್, ನಿಮ್ಮೆಲ್ಲರ ಉತ್ತರಗಳನ್ನು ಮಗಳಿಗೆ ಕಳುಹಿಸಿದ್ದೆ. ಚುಕ್ಕೆಯ ಗುರುತಿಗೆ ಒಪ್ಪಿದ್ದಾಳೆ. ಅವಳ ಅಪ್ಪನಿಗೂ ಸೋದರಮಾವನಿಗೂ ಹೇಳಿಯಾಗಿದೆ, ಇನ್ನು ಮುಂದೆ ನಾನೊಬ್ಬಳೇ ಸಂದೇಶ ಹಾಕುವುದು. ನಿನ್ನೆ ಅವಳು ತಾನು ಕೂರುವ ನಾಲ್ಕು ತರಗತಿಗಳ ಬಾಗಿಲುಗಳ ಫೋಟೊ ಒಳಗಡೆಯಿಂದ ತೆಗೆದು ಕಳುಹಿಸಿದಳು. ಮೂರರಲ್ಲಿ ಹಿಡಿಯ ಕೆಳಗೆ ಒತ್ತುವ ಗುಂಡಿ ಇದೆ. ನಾಲ್ಕನೆಯದರಲ್ಲಿ ಕೀಲಿಕೈ ತೂತೂ ಇಲ್ಲ, ಗುಂಡಿಯೂ ಇಲ್ಲ, ಹೊರಕ್ಕೆ ತೆರೆಯುವ ಬಾಗಿಲು. ಅದನ್ನು ಯಾರಿಗೆ ಬರೆದು ತಿಳಿಸಬೇಕು ಎಂದು ಕೇಳುತ್ತಿದ್ದಾಳೆ.

ಉತ್ತರ: ಕಟ್ಟಡಗಳ ತುರ್ತು ಯೋಜನಾ ವಿಭಾಗದ ನೌಕರ, ಮಿಡ್‌ವೆಸ್ಟ್

ಅಮ್ಮ, ಪ್ರತಿ ಕಟ್ಟಡದ ಮುಖ್ಯದ್ವಾರದ ಬಳಿಯೋ ವಿಭಾಗದ ಕಚೇರಿಯಲ್ಲೋ ಕಟ್ಟಡ ಸಂಯೋಜಕರ ಹೆಸರು ಹಾಕಿರುತ್ತಾರೆ. ಅವರಿಗೆ ಕೋಣೆಯ ಸಂಖ್ಯೆ ಮತ್ತು ಆ ಫೋಟೊ ಸೇರಿಸಿ ಇಮೇಲ್ ಮಾಡಲಿ, ಕ್ಯಾಂಪಸ್ ಪೊಲೀಸ್ ವಿಭಾಗಕ್ಕೂ ಅದರ ಪ್ರತಿ ಹೋಗಲಿ. ಬೀಗ ಬದಲಾಗುವವರೆಗೆ ಆ ತರಗತಿಯಲ್ಲಿ ಕೂರುವಾಗ ಹತ್ತಿರದ ಇನ್ನೊಂದು ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಲಿ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಇಲ್ಲಿ ಬರೆಯಿರಿ, ಮುಂದೆ ಯಾರನ್ನು ಕೇಳಬೇಕೆಂದು ನೋಡೋಣ.